ಮೂರು ಸಲವೂ ತಪ್ಪಬಾರದ ಹನಿ

"ಲಸಿಕೆ ಹಾಕಿಸಿದ್ದೆವಲ್ಲ, ಮತ್ತೆ ಮಗುವಿಗೆ ಭೇದಿ ಯಾಕೆ ಆಯ್ತು? ಹಾಗಾದ್ರೆ ಆ ಹನಿ ಯಾಕೆ ಬೇಕು ಮಾರಾಯ್ರೇ?"

ಈ ಪ್ರಶ್ನೆಯನ್ನು ನಾವು ಕರಾವಳಿಯ ಮನೆಗಳಲ್ಲೂ ಕೇಳಿದ್ದೇವೆ, ವ್ಯಾಪಾರಕ್ಕೆಂದು ಘಟ್ಟ ಹತ್ತಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬಂದಿರುವ ನಮ್ಮವರಿಂದಲೂ ಕೇಳಿದ್ದೇವೆ. ನಾವಿರುವ ಸಂಪಿಗೆಯ ಸುತ್ತ ಎತ್ತ ನೋಡಿದರೂ ತೆಂಗು. ಮಗುವಿಗೆ ವಾಂತಿ-ಭೇದಿ ಶುರುವಾಯಿತೆಂದರೆ ಮೊದಲು ಮರದಿಂದ ಇಳಿಯುವುದು ಎಳನೀರು. ಊರಿನಲ್ಲಾದರೆ ಉಮ್ಮ ಗಂಜಿ ತಿಳಿ ಬಸಿಯುತ್ತಾರೆ. ಎರಡೂ ಒಳ್ಳೆಯದೇ. ಆದರೆ ಹಾಲುಗಲ್ಲದ ಕೂಸನ್ನು ಒಂದೇ ದಿನದಲ್ಲಿ ಬತ್ತಿಸಿಬಿಡುವ ಭೇದಿಯೊಂದಿದೆ. ಅದರ ಮುಂದೆ ಬರೀ ಎಳನೀರು ಸಾಲದು. ಅದರ ಹೆಸರು ರೋಟಾವೈರಸ್.

ಲಸಿಕೆ ಬರುವ ಮೊದಲು ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 78,000 ಪುಟ್ಟ ಮಕ್ಕಳು ಇದರಿಂದ ಸಾಯುತ್ತಿದ್ದರು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಈ ವೈರಸ್ಸನ್ನು ಮಕ್ಕಳ ಕರುಳಿನಲ್ಲಿ ಕಂಡುಹಿಡಿದರು. ಸೂಕ್ಷ್ಮದರ್ಶಕದಲ್ಲಿ ಗಾಡಿಯ ಚಕ್ರದ ಹಾಗೆ ಕಂಡದ್ದರಿಂದ, ಲ್ಯಾಟಿನ್ನಿನಲ್ಲಿ ಚಕ್ರ ಎಂಬರ್ಥದ 'ರೋಟಾ' ಎಂಬ ಹೆಸರು ಬಂತು. ಸಣ್ಣ ಕರುಳಿನಲ್ಲಿ ನೀರು, ಸತ್ವ ಹೀರುವ ಕಣಗಳನ್ನೇ ಇದು ಹಾಳು ಮಾಡುತ್ತದೆ. ಕುಡಿಸಿದ್ದೆಲ್ಲ ಹೊರಗೆ ಹೋಗುವುದು ಅದಕ್ಕೇ.

ನಮ್ಮ ಮನೆ ಚೊಕ್ಕಟ, ನಮಗ್ಯಾಕೆ ಎನ್ನುವಂತಿಲ್ಲ. ಐದು ಹೊತ್ತು ವುಝೂ ಮಾಡುವ ಮನೆಯಲ್ಲೂ, ನೀರು ಕುದಿಸಿ ಕುಡಿಯುವ ಮನೆಯಲ್ಲೂ ಇದು ಬರುತ್ತದೆ. ಕಣ್ಣಿಗೆ ಕಾಣದಷ್ಟು ವೈರಸ್ ಕೈಗೋ ಆಟಿಕೆಗೋ ಅಂಟಿದ್ದರೂ ಸಾಕು. ಶ್ರೀಮಂತ ದೇಶಗಳ ಮಕ್ಕಳಿಗೂ ಇದು ಬಿಟ್ಟಿಲ್ಲ. ಅದಕ್ಕೇ ಲಸಿಕೆ ಬೇಕಾಯಿತು.

ಬೆಂಗಳೂರಿನ ಕೂಸುಗಳು

ಈ ಲಸಿಕೆಯ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಮತ್ತು ಅವರ ತಂಡ ನಗರದ ಆಗಷ್ಟೇ ಹುಟ್ಟಿದ ಶಿಶುಗಳ ಮಲ ಪರೀಕ್ಷಿಸಿದಾಗ ಒಂದು ಸೋಜಿಗ ಕಂಡಿತು. ಹಲವು ಶಿಶುಗಳ ಕರುಳಿನಲ್ಲಿ ರೋಟಾವೈರಸ್ ಇತ್ತು, ಆದರೆ ಭೇದಿ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಅವರು ಈ ಬಗ್ಗೆ ಬರೆದರು. ಆ ತಳಿಗೆ 'ಐ321' ಎಂದು ಹೆಸರು. ಅದರ ಹನ್ನೊಂದು ಜೀನುಗಳಲ್ಲಿ ಹೆಚ್ಚಿನವು ದನಗಳ ರೋಟಾವೈರಸ್ಸಿನವಕ್ಕೆ ಹೋಲುತ್ತಿದ್ದವು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಿಲ್ಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಅವರ ತಂಡಕ್ಕೂ ನವಜಾತ ಶಿಶುಗಳಲ್ಲಿ ಇಂಥದ್ದೇ ಇನ್ನೊಂದು ತಳಿ ಸಿಕ್ಕಿತ್ತು: '116ಇ'. ಹುಟ್ಟಿದ ಹೊಸತರಲ್ಲೇ ಹೀಗೆ ಸದ್ದಿಲ್ಲದೆ ಸೋಂಕು ತಗುಲಿದ ಮಕ್ಕಳಿಗೆ ಮುಂದೆ ಜೋರಾದ ಭೇದಿ ಕಡಿಮೆ ಎಂದು ಮೆಲ್ಬರ್ನ್‌ನವರು ಮೊದಲೇ ತೋರಿಸಿದ್ದರು. ಹಾಗಾದರೆ ಕಾಯಿಲೆ ಮಾಡದ ಈ ವೈರಸ್ಸನ್ನೇ ಲಸಿಕೆ ಮಾಡಬಾರದೇಕೆ?

ಎರಡನ್ನೂ ಮಕ್ಕಳ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಲಾಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿಲ್ಲಿಯ ತಳಿ ಪಡೆದ ನೂರು ಮಕ್ಕಳಲ್ಲಿ 73 ಮಂದಿಯ ದೇಹ ಚೆನ್ನಾಗಿ ಪ್ರತಿಕ್ರಿಯಿಸಿತು. ಬೆಂಗಳೂರಿನ ತಳಿ ಪಡೆದವರಲ್ಲಿ 39 ಮಂದಿ ಮಾತ್ರ. ಇದೇ ಜಾತಿಯ ವೈರಸ್ ವೆಲ್ಲೂರಿನ ನವಜಾತ ಶಿಶುಗಳಲ್ಲಿ ಕಾಯಿಲೆಯನ್ನೂ ಮಾಡಿತ್ತು, ಮುಂದಿನ ಸೋಂಕಿನಿಂದ ಕಾಪಾಡಿರಲೂ ಇಲ್ಲ. ಅಲ್ಲಿಗೆ ನಮ್ಮ ಊರಿನ ತಳಿ ಹಿಂದೆ ಸರಿಯಿತು. ನಮ್ಮದು ಎಂಬ ಅಭಿಮಾನಕ್ಕೆ ವಿಜ್ಞಾನದಲ್ಲಿ ಜಾಗವಿಲ್ಲ. ಮಕ್ಕಳ ಬಾಯಿಗೆ ಹಾಕುವುದನ್ನು ಹೀಗೆ ಜರಡಿ ಹಿಡಿದೇ ಆರಿಸುತ್ತಾರೆ ಎಂಬುದೇ ನಮಗೆ ಧೈರ್ಯ ಕೊಡಬೇಕಾದ ಮಾತು.

ದಿಲ್ಲಿಯ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ 'ರೋಟಾವ್ಯಾಕ್' ತಯಾರಿಸಿತು. ದಿಲ್ಲಿ, ಪುಣೆ, ವೆಲ್ಲೂರಿನ ಸುಮಾರು 6,800 ಮಕ್ಕಳಲ್ಲಿ ನಡೆದ ಪರೀಕ್ಷೆಯಲ್ಲಿ ಜೋರಾದ ರೋಟಾ ಭೇದಿ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. 2016ರಲ್ಲಿ ಸರಕಾರದ ಉಚಿತ ಲಸಿಕೆ ಪಟ್ಟಿಗೆ ಮೊದಲು ನಾಲ್ಕು ರಾಜ್ಯಗಳಲ್ಲಿ ರೋಟಾ ಲಸಿಕೆ ಸೇರಿತು. 2019ರಲ್ಲಿ ಅದನ್ನು ದೇಶದ ಉಳಿದ ರಾಜ್ಯಗಳಿಗೂ ವಿಸ್ತರಿಸಲಾಯಿತು.

ಅರ್ಧವೇ ಸಾಕೇ?

ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ಉತ್ತರ ಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಗಗನ್‌ದೀಪ್ ಕಾಂಗ್ ಮತ್ತು ಜೊತೆಗಾರರು. ಬಡವರ ಕೇರಿಗಳ 373 ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷದವರೆಗೆ ಅವರು ಹಿಂಬಾಲಿಸಿದರು. ಮೆಕ್ಸಿಕೊದಲ್ಲಿ ಎರಡು ಸಲ ಸೋಂಕು ತಗುಲಿದ ಮಕ್ಕಳಿಗೆ ಮುಂದೆ ಜೋರಾದ ಭೇದಿ ಬಂದೇ ಇರಲಿಲ್ಲ. ವೆಲ್ಲೂರಿನಲ್ಲಿ ಮೂರು ಸಲ ತಗುಲಿದ ಮೇಲೂ ರಕ್ಷಣೆ ಸಿಕ್ಕಿದ್ದು ಶೇಕಡಾ 79 ಮಾತ್ರ.

ಅಂದರೆ ನಮ್ಮ ಮಕ್ಕಳಿಗೆ ಸ್ವತಃ ಕಾಯಿಲೆಯೇ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಮತ್ತೆ ಲಸಿಕೆಯಿಂದ ನೂರಕ್ಕೆ ನೂರು ಕೇಳುವುದು ಹೇಗೆ? ಕರುಳಿನಲ್ಲಿ ಬೇರೆ ರೋಗಾಣುಗಳ ಸಂತೆ, ಅಪೌಷ್ಟಿಕತೆ, ತಾಯಿಯಿಂದ ಬಂದ ಪ್ರತಿಕಾಯಗಳು – ಇವೆಲ್ಲ ಕಾರಣವಿರಬಹುದು ಎನ್ನುತ್ತಾರೆ ಸಂಶೋಧಕರು. ಹಾಗೆಂದು ತಾಯಿಹಾಲು ನಿಲ್ಲಿಸಬೇಡಿ, ಅದಕ್ಕಿಂತ ದೊಡ್ಡ ರಕ್ಷಣೆ ಕೂಸಿಗೆ ಇನ್ನೊಂದಿಲ್ಲ.

ಲಸಿಕೆ ಹಾಕಿಸಿದ ಮಗುವಿಗೂ ಭೇದಿ ಬರಬಹುದು, ಯಾಕೆಂದರೆ ಭೇದಿ ಮಾಡುವ ರೋಗಾಣು ಇದೊಂದೇ ಅಲ್ಲ. ಲಸಿಕೆಯ ಕೆಲಸ ಎಲ್ಲ ಭೇದಿಯನ್ನೂ ತಡೆಯುವುದಲ್ಲ. ಮಗುವನ್ನು ಡ್ರಿಪ್ ಹಾಕುವ ಸ್ಥಿತಿಗೆ ತರುವ ಭೇದಿಯನ್ನು ಕಡಿಮೆ ಮಾಡುವುದು.

ಇನ್ನೊಂದು ಅಳುಕು: ಇದು ಹಲಾಲೇ? ಕೇಳುವುದು ತಪ್ಪಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ನಂಬುವ ಬದಲು ನಿಮ್ಮ ಖತೀಬರಲ್ಲಿ, ವೈದ್ಯರಲ್ಲಿ ಕೇಳಿ. ನಾವು ಹೇಳಬಹುದಾದದ್ದು ಇಷ್ಟು: ಸೌದಿ ಅರೇಬಿಯದ ಮಕ್ಕಳ ಲಸಿಕೆ ಪಟ್ಟಿಯಲ್ಲೂ ರೋಟಾ ಲಸಿಕೆ ಇದೆ. ಪ್ಯಾಲೆಸ್ತೀನ್ 2018ರಲ್ಲಿ ನಮ್ಮ ದೇಶದ ಇದೇ ರೋಟಾವ್ಯಾಕನ್ನು ತನ್ನ ಮಕ್ಕಳಿಗೆ ಆರಿಸಿಕೊಂಡಿತು.

ನಾವು ತಪ್ಪುವುದು ಎಲ್ಲಿ?

ಆರು, ಹತ್ತು, ಹದಿನಾಲ್ಕು ವಾರ – ಮೂರು ಸಲ ಬಾಯಿಗೆ ಹಾಕಬೇಕು. ಚುಚ್ಚುವುದಿಲ್ಲ. ನಮ್ಮಲ್ಲಿ ಹೆರಿಗೆಗೆ ತವರಿಗೆ ಬಂದ ಮಗಳು ಈ ವಾರಗಳಲ್ಲೇ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಡುತ್ತಾಳೆ. ಒಂದು ಡೋಸ್ ಊರಿನಲ್ಲಿ ಆಗುತ್ತದೆ, ಎರಡನೆಯದು "ಅಲ್ಲಿ ಹೋಗಿ ಹಾಕಿಸಿದ್ರಾಯ್ತು" ಎಂದು ಉಳಿಯುತ್ತದೆ, ಮೂರನೆಯದು ಮರೆತೇ ಹೋಗುತ್ತದೆ. ತಾಯಿ ಕಾರ್ಡನ್ನು ತೊಟ್ಟಿಲ ಬಟ್ಟೆಯ ಜೊತೆಗೇ ಕಟ್ಟಿಕೊಳ್ಳಿ. ಯಾವ ಊರಿನ ಸರಕಾರಿ ಆಸ್ಪತ್ರೆಗೆ, ಅಂಗನವಾಡಿಯ ಲಸಿಕೆ ದಿನಕ್ಕೆ ಹೋದರೂ ಉಚಿತವಾಗಿ ಹಾಕುತ್ತಾರೆ. ಮೊದಲ ಡೋಸ್ ವರ್ಷ ತುಂಬುವುದರೊಳಗೆ ಆಗಬೇಕು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಒಳಗೆ ಕೂರಿಸಿ ಮಾತಾಡಿ.

ಹಿಂದೆ ಅಮೆರಿಕದಲ್ಲಿ ಬಂದ ಮೊದಲ ರೋಟಾ ಲಸಿಕೆಯನ್ನು 1999ರಲ್ಲಿ ಹಿಂತೆಗೆದರು; ಕೆಲವು ಮಕ್ಕಳಲ್ಲಿ ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ತೊಂದರೆ ಕಂಡಿತ್ತು. ನಮ್ಮ ದೇಶದ ಲಸಿಕೆಯಿಂದ ಆ ಅಪಾಯ ಹೆಚ್ಚಿದ್ದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿಲ್ಲ. ಆದರೂ ಲಸಿಕೆ ಹಾಕಿಸಿರಲಿ, ಬಿಡಲಿ, ಕೂಸು ಬಿಟ್ಟುಬಿಟ್ಟು ಕಿರುಚಿ ಅತ್ತರೆ, ಹೊಟ್ಟೆ ಉಬ್ಬಿದರೆ, ಮಲದಲ್ಲಿ ರಕ್ತ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಭೇದಿ ಬಂದೇ ಬಂತು ಅನ್ನಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ ಕಡಿಮೆ. ಆದ್ದರಿಂದ ಒಆರ್‌ಎಸ್ ಪುಡಿಯೇ ಮೊದಲು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ವೈದ್ಯರು ಹೇಳಿದಂತೆ ಝಿಂಕ್ ಹದಿನಾಲ್ಕು ದಿನ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ಮನೆಮದ್ದು ಸಾಲದು, ಆಸ್ಪತ್ರೆ ಬೇಕು.

ಕಾಯಿಲೆಗೆ ಮದ್ದು ಹುಡುಕಿ ಎಂಬುದು ನಮ್ಮ ಪ್ರವಾದಿವರ್ಯರ (ಸ) ಬೋಧನೆ. ಬೆಂಗಳೂರಿನಿಂದ ದಿಲ್ಲಿಯವರೆಗೆ ಎಷ್ಟೋ ಜನ ವರ್ಷಗಟ್ಟಲೆ ಕೂತು ಹುಡುಕಿದ್ದಾರೆ. ಉಳಿದಿರುವುದು ನಮ್ಮ ಪಾಲಿನ ಕೆಲಸ, ಮೂರು ಸಲ ಕೂಸನ್ನೆತ್ತಿಕೊಂಡು ಹೋಗುವುದು. ಇವತ್ತೇ ಆ ಕಾರ್ಡ್ ತೆಗೆದು ನೋಡಿ. ಖಾಲಿ ಉಳಿದ ಚೌಕವಿದ್ದರೆ ಈ ವಾರವೇ ತುಂಬಿಸೋಣ, ಇನ್ಶಾ ಅಲ್ಲಾಹ್.