ದೋಟಿ ಹಿಡಿದ ಪಂಡಿತ

ಬಾಸೆಲ್ ಎಂದೊಡನೆ ಕರಾವಳಿಯವರಾದ ನಮ್ಮ ಮನಸ್ಸಿಗೆ ಬರುವುದು ಜೆಪ್ಪುವಿನ ಕೆಂಪು ಹಂಚು, ಮಿಶನ್ನಿನ ಅಚ್ಚುಕೂಟ, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು. ಆ ನಗರದ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿಯುವುದಕ್ಕೆ ಸುಮಾರು ಮುನ್ನೂರು ವರ್ಷ ಹಿಂದೆ, ಅದೇ ಬಾಸೆಲಿನ ರೈನ್ ನದಿಯ ದಡದಲ್ಲಿ ಒಬ್ಬ ಮಹಾಪಂಡಿತನು ದೋಟಿ ಹಿಡಿದು ನಿಂತು, ಪ್ರವಾಹದಲ್ಲಿ ತೇಲಿಬರುವ ಕಟ್ಟಿಗೆಯನ್ನು ಒಲೆಗೆಂದು ಎಳೆದುಕೊಳ್ಳುತ್ತಿದ್ದನೆಂಬುದು ನನಗೆ ತಿಳಿದದ್ದು ತೀರ ತಡವಾಗಿ. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುವಾಗ ನಮ್ಮ ಕಡೆಯವರು ಮಾಡುತ್ತಿದ್ದುದೂ ಅದನ್ನೇ. ಅವರನ್ನು ಕಳ್ಳರೆಂದವರನ್ನು ನಾನು ಕಾಣೆ. ಆ ಪಂಡಿತನಿಗೆ ಮಾತ್ರ ಆ ಅಪವಾದ ಬಂದಿತು. ಹೊರಿಸಿದಾತನು ಸಾಮಾನ್ಯನಲ್ಲ, ಜಿನೀವದ ಧರ್ಮಗುರು ಜಾನ್ ಕ್ಯಾಲ್ವಿನ್.

ಪಂಡಿತನ ಹೆಸರು ಸೆಬಾಸ್ಟಿಯನ್ ಕಾಸ್ಟೆಲ್ಲಿಯೋ. 1515ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದ ಈತನು ಜಿನೀವದ ಶಾಲೆಗೆ ಮುಖ್ಯೋಪಾಧ್ಯಾಯನಾಗಿದ್ದವನು. ಪರಮಗೀತವು ಲೌಕಿಕ ಪ್ರಣಯಗೀತವೆಂದು ಹೇಳಿದ್ದರಿಂದ, ಮತ್ತೂ ಒಂದೆರಡು ಭಿನ್ನಾಭಿಪ್ರಾಯಗಳಿಂದ, ಕ್ಯಾಲ್ವಿನನ ಕೃಪೆಯನ್ನು ಕಳೆದುಕೊಂಡು 1544ರಲ್ಲಿ ಊರು ಬಿಟ್ಟನು. ಬಾಸೆಲಿನಲ್ಲಿ ಮುದ್ರಕ ಓಪೊರಿನಸನ ಬಳಿ ಕರಡು ತಿದ್ದುತ್ತ, ಹಸಿದ ಮಕ್ಕಳನ್ನು ಸಾಕುತ್ತ, ಬೈಬಲನ್ನು ಲ್ಯಾಟಿನಿಗೆ ತಿರುಗಿಸುತ್ತ ಕಳೆದ ವರ್ಷಗಳ ವಿವರ ಇಲ್ಲಿ ಬೇಡ. ಆ ಅನುವಾದ 1551ರಲ್ಲಿ ಹೊರಬಂದಿತು. 1553ರಲ್ಲಿ ಗ್ರೀಕ್ ಅಧ್ಯಾಪಕ ಪದವಿಯೂ ದೊರೆಯಿತು.

ಅದೇ ವರ್ಷದ ಅಕ್ಟೋಬರ್ 27ರಂದು, ತ್ರಿಯೇಕದೇವ ಸಿದ್ಧಾಂತವನ್ನು ನಿರಾಕರಿಸಿದ ಸ್ಪೇನಿನ ವೈದ್ಯ ಮೈಕೆಲ್ ಸರ್ವೇಟಸನನ್ನು ಜಿನೀವದಲ್ಲಿ ಜೀವಂತವಾಗಿ ದಹಿಸಿದರು. ಸುಡುವುದಕ್ಕೆ ಬದಲು ತಲೆ ಕಡಿಯಿರೆಂದು ಕ್ಯಾಲ್ವಿನನು ಕೇಳಿದ್ದನೆನ್ನುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಕೊಲ್ಲಬಾರದೆಂದು ಅವನು ಹೇಳಲಿಲ್ಲ. ಕೆಲವೇ ತಿಂಗಳಲ್ಲಿ, 1554ರಲ್ಲಿ, ಮಾಗ್ಡೆಬರ್ಗ್ ಎಂಬ ಸುಳ್ಳು ವಿಳಾಸವನ್ನು ಹೊತ್ತು, ಪಾಷಂಡಿಗಳನ್ನು ದಂಡಿಸಬಹುದೇ ಎಂಬ ಪ್ರಶ್ನೆಯನ್ನು ಕುರಿತ ಪುಸ್ತಕವೊಂದು ಬಾಸೆಲಿನ ಅಚ್ಚುಕೂಟದಿಂದ ಹೊರಬಿದ್ದಿತು. ಪೀಠಿಕೆ ಬರೆದ ‘ಮಾರ್ಟಿನಸ್ ಬೆಲ್ಲಿಯಸ್’ ಕಾಸ್ಟೆಲ್ಲಿಯೋ ಅಲ್ಲದೆ ಬೇರಾರೂ ಅಲ್ಲ. ಎರಾಸ್ಮಸ್, ಲೂಥರ್ ಮೊದಲಾದವರ ಮಾತುಗಳನ್ನು ಸಂಗ್ರಹಿಸಿದ ಆ ಪುಸ್ತಕದಲ್ಲಿ ಕ್ಯಾಲ್ವಿನನದೇ ಹಳೆಯ ಸೌಮ್ಯ ವಚನಗಳನ್ನೂ ಸೇರಿಸಿದ್ದನು, ತುಂಟ!

ಪೀಠಿಕೆಯ ದೃಷ್ಟಾಂತ ರಮ್ಯವಾದುದು. ಪ್ರಜೆಗಳಿಗೆ, ನಾನು ಬರುವಾಗ ಶ್ವೇತವಸ್ತ್ರ ಧರಿಸಿರಿ ಎಂದು ಹೇಳಿ ಹೋದ ಅರಸನು ಹಿಂದಿರುಗುವ ಹೊತ್ತಿಗೆ, ಅವರು ಬಟ್ಟೆಯ ಗೊಡವೆಯನ್ನೇ ಬಿಟ್ಟು, ಅರಸನು ಕುದುರೆಯ ಮೇಲೆ ಬರುವನೋ ರಥದಲ್ಲಿ ಬರುವನೋ ಎಂದು ಕಚ್ಚಾಡಿ ಒಬ್ಬರನ್ನೊಬ್ಬರು ಇರಿಯುತ್ತಿದ್ದರೆ ಆತನು ಏನೆಂದಾನು? ಆ ವಸ್ತ್ರವೇ ನಿರ್ಮಲವಾದ ನಡತೆ. ತುರ್ಕರನ್ನೂ ಯೆಹೂದ್ಯರನ್ನೂ ತುಚ್ಛವಾಗಿ ಕಾಣದೆ ಸದಾಚಾರದಿಂದಲೇ ಗೆಲ್ಲಬೇಕೆಂದೂ, ಗೋದಿಯ ನಡುವಿನ ಹಣಜಿಯನ್ನು ಸುಗ್ಗಿಯವರೆಗೆ ಕೀಳಬೇಡಿರೆಂದು ಕ್ರಿಸ್ತನೇ ಅಪ್ಪಣೆ ಕೊಟ್ಟಿರುವನೆಂದೂ ಆ ಪುಸ್ತಕ ವಾದಿಸಿತು. ಭಕ್ತಿ ಸಡಿಲವಾದ್ದರಿಂದ ಹುಟ್ಟಿದ ಕನಿಕರ ಇದಲ್ಲ. ಭಕ್ತಿಯೇ ಆಡಿಸಿದ ಮಾತು.

ತರ್ಕಕ್ಕೆ ಉತ್ತರ ಸಾಲದಾದಾಗ ಚಾರಿತ್ರ್ಯಕ್ಕೆ ಕೈಹಾಕುವುದು ಲೋಕರೂಢಿ. 1558ರ ಕರಪತ್ರದಲ್ಲಿ ಕ್ಯಾಲ್ವಿನನು, ಇವನು ದೋಟಿಯಿಂದ ಪರರ ಕಟ್ಟಿಗೆ ಕದ್ದವನೆಂದು ಬರೆದನು. ಕಾಸ್ಟೆಲ್ಲಿಯೋ ಬರೆದ ಉತ್ತರಕ್ಕೆ ದೋಟಿಯ ಹೆಸರನ್ನೇ ಇಟ್ಟನು. ನದಿಯಲ್ಲಿ ತೇಲಿಬಂದ ಕಟ್ಟಿಗೆ ಹಿಡಿದವನದು, ಹಾಡುಹಗಲಲ್ಲಿ ಎಲ್ಲರೊಡನೆ ಹಿಡಿದೆ, ಬೈಬಲಿನ ಕೆಲಸ ಕೈಬಿಡಲಾರದೆ ಬಡತನದಲ್ಲಿ ಹಿಡಿದೆ ಎಂದನು. ನನ್ನ ಮಟ್ಟಿಗೆ ವ್ಯಾಜ್ಯ ಅಲ್ಲಿಗೇ ತೀರಿತು.

1563ರ ಡಿಸೆಂಬರಿನಲ್ಲಿ, 48ರ ಪ್ರಾಯದಲ್ಲಿ, ಆತನು ತೀರಿಕೊಂಡನು. ಕ್ಯಾಲ್ವಿನನಿಗೆ 1554ರಲ್ಲಿಯೇ ಬರೆದಿಟ್ಟಿದ್ದ ದೀರ್ಘ ಖಂಡನೆ ಅಚ್ಚಾದದ್ದು 1612ರಲ್ಲಿ, ಹಾಲೆಂಡಿನಲ್ಲಿ. ಬಳಿಕ 1903ರಲ್ಲಿ ಕ್ಯಾಲ್ವಿನನ ಅನುಯಾಯಿಗಳೇ, ಸರ್ವೇಟಸನನ್ನು ಸುಟ್ಟ ಶಾಂಪೆಲಿನಲ್ಲಿ ಪ್ರಾಯಶ್ಚಿತ್ತಶಿಲೆಯೊಂದನ್ನು ನಿಲ್ಲಿಸಿ, ಅದು ಆ ಶತಮಾನದ ತಪ್ಪೆಂದು ಕೆತ್ತಿಸಿದರು. ತಪ್ಪು ತಪ್ಪೆಂದು ಅದೇ ಶತಮಾನದಲ್ಲಿ, ಆರೇ ತಿಂಗಳೊಳಗೆ ಹೇಳಿದವನಿದ್ದನು. ಆ ಶಿಲೆಯಲ್ಲಿ ಕಾಸ್ಟೆಲ್ಲಿಯೋವಿನ ಹೆಸರಿಲ್ಲ.