ಗೇರು ತಾನೇ ಬದಲಾಗುವ ಕಾರು ಜರ್ಕ್ ಹೊಡೆದರೆ

ನಮ್ಮ ಸದಸ್ಯರಲ್ಲಿ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಈಚೆಗೆ ಹೆಚ್ಚಿದ್ದಾರೆ. ಕಾರಣ ಗುಟ್ಟೇನಲ್ಲ. ವರ್ಷಗಟ್ಟಲೆ ತೋಟದ ಇಳಿಜಾರು ಹತ್ತಿಳಿದು ಸವೆದ ಎಡಮೊಳಕಾಲು ಕ್ಲಚ್ ತುಳಿಯಲು ಒಲ್ಲೆನ್ನುತ್ತದೆ. ನಾವೂ ಆ ಕಾರಣಕ್ಕೇ ಒಂದು ಹಳೆಯ ಕಾರು ಕೊಂಡವರು.

ನಮ್ಮ ಮಗಳನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದೇವೆ. ರೇಷ್ಮೆ ಬೆಳೆಯುವ ಮನೆತನ. ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಲು ಹೋಗಿದ್ದೆವು. ಹೊರಡುವ ಮುನ್ನ ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಪೂಜೆಯಾಗಬೇಕೆಂದು ಬೀಗಿತ್ತಿಯವರ ಹರಕೆ. ಪೂಜೆ ಮುಗಿಸಿ ಗೌರಿಬಿದನೂರು ದಾಟಿ ಮಂಚೇನಹಳ್ಳಿಯ ಹಾದಿ ಹಿಡಿದಾಗ, ಒಂದನೆಯ ಗೇರಿನಿಂದ ಎರಡಕ್ಕೆ ಹೋಗುವಾಗಲೆಲ್ಲ ಕಾರು ಮುಗ್ಗರಿಸಿದಂತೆ ಜಗ್ಗತೊಡಗಿತು. ಮಗಳು ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು, ಮಾತಾಡಲಿಲ್ಲ. ಊರಿಗೆ ಇನ್ನೂ ಇಡೀ ದಿನದ ಪ್ರಯಾಣ, ಕೊನೆಯಲ್ಲಿ ಘಟ್ಟದ ತಿರುವುಗಳು.

ದಾರಿಯ ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ಕೂಡ ಎತ್ತದೆ, 'ಗೇರ್‌ಬಾಕ್ಸ್ ಹೋಗಿದೆ, ಪೂರಾ ಬದಲಿಸಬೇಕು' ಎಂದು 70,000 ರೂಪಾಯಿ ಹೇಳಿದರು. ಆ ವರ್ಷ ನಮ್ಮ ಅಡಿಕೆಗೆ ಕೊಳೆರೋಗ. ಆ ಮೊತ್ತ ಕೇಳಿ ನಮಗೇ ಜರ್ಕ್ ಹೊಡೆಯಿತು.

ಅಳಿಯಂದಿರು, 'ಮಾವ, ದುಡುಕಬೇಡಿ, ಚಿಂತಾಮಣಿಯಲ್ಲಿ ನನಗೆ ಗೊತ್ತಿರುವ ಮೇಸ್ತ್ರಿ ಇದ್ದಾರೆ' ಎಂದರು. ಮರುದಿನ ನಿಧಾನವಾಗಿ ಅಲ್ಲಿಗೆ ಹೋದೆವು. ಮೇಸ್ತ್ರಿ ಮೊದಲು ಕೇಳಿದ್ದು, 'ಜಗ್ಗೋದು ಗಾಡಿ ತಣ್ಣಗಿದ್ದಾಗಲೋ, ಕಾದ ಮೇಲೋ ಸಾರ್? ಗೇರ್ ಬದಲಾಗುವಾಗ ಮಾತ್ರವೋ, ಒಂದೇ ಸಮ ಹೋಗುವಾಗಲೂ ಉಂಟೋ?' ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ರೋಗ ಸಿಕ್ಕಂತೆ. ಒಂದೇ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಜಗ್ಗಿದರೆ ತಪ್ಪು ಬಹುತೇಕ ಎಂಜಿನ್ನಿನದು: ಸ್ಪಾರ್ಕ್ ಪ್ಲಗ್ಗು, ಕಾಯಿಲು, ಇಂಧನ. ಬೈಸಿಕೊಳ್ಳುವುದು ಮಾತ್ರ ಗೇರ್‌ಬಾಕ್ಸ್.

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಯಂತ್ರಗಳಿವೆ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮಂಥವರಲ್ಲಿ ಹೆಚ್ಚಾಗಿರುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊದೊಡನೆ ಅದು ಸಣ್ಣ ಕಾರಿಗೂ ಬಂತು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಕ್ಲಚ್ ಒತ್ತಿ ಗೇರು ಹಾಕುವ ಕೆಲಸ ಮಾತ್ರ ಯಂತ್ರದ್ದು. ಆದ್ದರಿಂದ ಗೇರು ಬದಲಾಗುವಾಗ ಸಣ್ಣಗೆ ತಲೆಯಾಡಿಸುವುದು ಅದರ ಹುಟ್ಟುಗುಣ. ಆ ಗಳಿಗೆಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಅದೂ ತಗ್ಗುತ್ತದೆ. ದೊಡ್ಡ ಕಾರುಗಳ ಟಾರ್ಕ್ ಕನ್ವರ್ಟರ್ ಬೇರೆ, ಅದು ನಡೆಯುವುದೇ ಎಣ್ಣೆಯ ಒತ್ತಡದಿಂದ. ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಗಿರುವ ಆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ, ಅಥವಾ ಮಟ್ಟ ಇಳಿದಿದ್ದರೆ, ಗೇರು ಒದೆಯುತ್ತದೆ. ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ, ಅದು ಜಗ್ಗಿದರೆ ತಡಮಾಡಬಾರದು. ಯಾವುದಕ್ಕೇ ಆಗಲಿ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುರಿಯುವುದು, ಬೋರ್ಡೋಗೆ ಸುಣ್ಣದ ಬದಲು ಬೂದಿ ಕಲಸಿದಂತೆ.

ಮೇಸ್ತ್ರಿ ಬಾನೆಟ್ ಎತ್ತಿ, ಅಳಿಯಂದಿರಿಗೆ ಬ್ರೇಕ್ ಗಟ್ಟಿಯಾಗಿ ತುಳಿದಿರಲು ಹೇಳಿ, ಲಿವರನ್ನು ಡಿಯಿಂದ ಆರ್‌ಗೆ, ಆರ್‌ನಿಂದ ಡಿಗೆ ಹಾಕಿಸಿದರು. ಅವರು ಕಾರಿನ ಮುಂದೆ ನಿಲ್ಲದೆ ಬದಿಯಲ್ಲಿ ನಿಂತದ್ದನ್ನು ಗಮನಿಸಿದೆವು. ಓದುಗರೂ ಹಾಗೆಯೇ ನಿಲ್ಲಬೇಕು. ಪ್ರತಿ ಸಲ 'ದಡ್' ಎಂದು ಎಂಜಿನ್ ಮಗ್ಗುಲಾಗುತ್ತಿತ್ತು. ಎಂಜಿನ್ನನ್ನು ಹಿಡಿದಿರುವ ಮೌಂಟಿಂಗಿನ ರಬ್ಬರ್ ಸೀಳಿಹೋಗಿತ್ತು! ಪಲ್ಪರ್ ಮೋಟರಿನ ಬೋಲ್ಟು ಸಡಿಲವಾದರೆ ಬೆಲ್ಟು ಕುಣಿಯುವುದಿಲ್ಲವೇ, ಅದೇ ಕಥೆ.

ಅಷ್ಟಕ್ಕೇ ಅವರು ಬಿಡಲಿಲ್ಲ. ಬ್ಯಾಟರಿಯ ವೋಲ್ಟೇಜ್ ನೋಡಿದರು, ಬ್ಯಾಟರಿ ಸೊರಗಿದರೆ ಕ್ಲಚ್ ಒತ್ತುವ ಪಂಪು ಎಡವುತ್ತದಂತೆ. ಆ ಪಂಪಿನ ಎಣ್ಣೆ ಸೋರಿದೆಯೇ ಎಂದು ಟಾರ್ಚು ಬಿಟ್ಟು ಹುಡುಕಿದರು. ಸ್ಕ್ಯಾನರ್ ಹಾಕಿ ಕ್ಲಚ್ ಸವೆದಿದೆ, ಆದರೆ ಇನ್ನೂ ಮಿತಿಯೊಳಗಿದೆ ಎಂದರು. ಸವೆದ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಿಕೊಡಬೇಕು, ಅದನ್ನೂ ಮಾಡಿದರು. ಮೌಂಟಿಂಗು, ಕೂಲಿ ಎಲ್ಲ ಸೇರಿ 5,000 ರೂಪಾಯಿಯೊಳಗೆ ಮುಗಿಯಿತು.

ಕ್ಲಚ್ ಇಷ್ಟು ಬೇಗ ಸವೆಯಲು ಕಾರಣ ಕೇಳಿದಾಗ, 'ಏರಿನಲ್ಲಿ ಗಾಡಿ ಹೇಗೆ ನಿಲ್ಲಿಸ್ತೀರಿ?' ಎಂದರು. ಹಿಂದಿನ ದಿನ ನಂದಿಬೆಟ್ಟದ ತಿರುವಿನಲ್ಲಿ ವಾಹನಗಳ ಸಾಲು ನಿಂತಾಗ, ಬ್ರೇಕ್ ಹಾಕದೆ ಆಕ್ಸಿಲರೇಟರಿನಲ್ಲೇ ಕಾರನ್ನು ಹಿಡಿದು ನಿಲ್ಲಿಸಿದ್ದೆವು. ಎಎಂಟಿಯಲ್ಲಿ ಹಾಗೆ ಮಾಡಿದರೆ ಪ್ಲೇಟು ಜಾರುತ್ತ ಕಾದು ಸುಡುತ್ತದೆ. ನಿಂತಾಗ ಬ್ರೇಕ್, ಏರಿನಲ್ಲಿ ಹೊರಡಲು ಹ್ಯಾಂಡ್‌ಬ್ರೇಕ್, ಉದ್ದ ಏರಿಗೆ ಕೈಯಲ್ಲಿ ಗೇರು ಹಾಕುವ ಎಂ ಸ್ಥಾನ. ತೋಟದ ರಸ್ತೆಯಲ್ಲಿ ಗೊಬ್ಬರದ ಮೂಟೆ ತುಂಬಿ ಹತ್ತಿಸುವ ಸದಸ್ಯರು ಇದನ್ನು ಮುಖ್ಯವಾಗಿ ಗಮನಿಸಬೇಕು. ಪಿಕಪ್ ಮಾಡುವ ಕೆಲಸವನ್ನು ಈ ಕಾರುಗಳಿಗೆ ಹೇಳಬಾರದು.

14 ತಿಂಗಳ ಮೇಲೆ ಕ್ಲಚ್ ಬದಲಿಸಬೇಕಾಯಿತು, ಅದನ್ನು ಮುಚ್ಚಿಡುವುದಿಲ್ಲ. ಗೇರ್‌ಬಾಕ್ಸ್ ಮಾತ್ರ ಇಂದಿಗೂ ಅದೇ.

ಆ ದಿನ ಶಿಡ್ಲಘಟ್ಟಕ್ಕೆ ಹಿಂದಿರುಗಿ, ಮಾರನೆಯ ಬೆಳಗ್ಗೆ ಮಗಳನ್ನು ಕೂರಿಸಿಕೊಂಡು ಹೊರಟೆವು. ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ದೊಡ್ಡಬಳ್ಳಾಪುರ ಕಳೆದು ನೆಲಮಂಗಲದಲ್ಲಿ ಕಾಫಿಗೆ ನಿಲ್ಲಿಸಿದಾಗಲೇ ಎಚ್ಚರವಾದದ್ದು.