ಎಂಬಿಪಿಎಸ್ ಏರಿಸಿದರೆ ಲ್ಯಾಗ್ ಹೋದೀತೆ?

ಗುಂಪು ಕಟ್ಟಿಕೊಂಡು ಆಡುವ ಆನ್‌ಲೈನ್ ರೋಲ್‌ಪ್ಲೇ ಗೇಮಿಗೆ ಹೊಸದಾಗಿ ಸೇರುವವರು ಪಾತ್ರ ಆರಿಸುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: ಎಷ್ಟು ಎಂಬಿಪಿಎಸ್ ಪ್ಲಾನ್ ಹಾಕಿಸಬೇಕು? ಏಟು ಬಿದ್ದ ಮೇಲೆ ಗುರಾಣಿ ಎದ್ದರೂ, ಓಡುತ್ತಿದ್ದ ಯೋಧ ನಿಂತಲ್ಲೇ ನಡುಗಿದರೂ ಬೈಗುಳ ಬೀಳುವುದು 'ಸ್ಪೀಡ್' ಮೇಲೆಯೇ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದಲ್ಲಿ ಶಿಫ್ಟ್ ಮುಗಿಸಿ ಬಂದು ಆಡಲು ಕೂರುವ ಹುಡುಗನಿಗೆ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ತೆರುವುದು ಸಣ್ಣ ಮಾತಲ್ಲ. ಆ ದುಡ್ಡು ಬಹುಪಾಲು ವ್ಯರ್ಥ ಎಂಬುದೇ ನನ್ನ ವಾದ. ಈ ತಡವರಿಕೆಗೆ, ಅಂದರೆ ಲ್ಯಾಗ್‌ಗೆ, ಮುಖ್ಯ ಕಾರಣ ದೂರ ಮತ್ತು ಸರತಿ. ದೂರವನ್ನು ಪ್ಲಾನ್ ಬದಲಿಸಿ ಗೆಲ್ಲಲಾಗದು, ಸರತಿಯನ್ನು ಬಹುಪಾಲು ಪ್ಲಾನ್ ಏರಿಸದೆಯೇ ಕರಗಿಸಬಹುದು.

ಮೊದಲಿಗೆ, ಆಡುವಾಗ ತಂತಿಯಲ್ಲಿ ಓಡಾಡುವುದಾದರೂ ಏನು? ಕಾಡು, ಕೋಟೆ, ರಾಕ್ಷಸ, ಕತ್ತಿಯ ಹೊಳಪು ಎಲ್ಲವೂ ಗೇಮ್ ಡೌನ್‌ಲೋಡ್ ಮಾಡಿದ ದಿನವೇ ನಿಮ್ಮ ಕಂಪ್ಯೂಟರಿನಲ್ಲಿ ಬಂದು ಕೂತಿವೆ. ಆಮೇಲೆ ಸರ್ವರ್‌ಗೆ ಹೋಗುವುದು ಬರೀ ಅಂಕಿಗಳು: ಈ ಆಟಗಾರ ಇಲ್ಲಿದ್ದಾನೆ, ಈ ದಿಕ್ಕಿಗೆ ಮುಖ ಮಾಡಿದ್ದಾನೆ, ಇಂಥ ಮಂತ್ರ ಹಾಕಿದ. ಇದು ಎಚ್‌ಡಿ ಸಿನಿಮಾ ನೋಡಲು ಬೇಕಾದ ಡೇಟಾದ ಸಣ್ಣದೊಂದು ಪಾಲು. ತುಮಕೂರು ರಸ್ತೆಯನ್ನು ಹತ್ತು ಪಥ ಮಾಡಿದರೂ ತುಮಕೂರು ಪೀಣ್ಯದ ಹತ್ತಿರಕ್ಕೆ ಬರುವುದಿಲ್ಲ. ಎಂಬಿಪಿಎಸ್ ಎಂದರೆ ಪಥಗಳ ಲೆಕ್ಕ, ಪಿಂಗ್ ಎಂದರೆ ಹೋಗಿ ಬರಲು ಹಿಡಿಯುವ ಹೊತ್ತು.

ಆ ಹೊತ್ತಿಗೆ ಭೌತವಿಜ್ಞಾನ ಒಂದು ಗೆರೆ ಎಳೆದಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 840 ಕಿಲೋಮೀಟರ್, ಹೋಗಿ ಬರಲು 8 ಮಿಲಿಸೆಕೆಂಡಾದರೂ ಬೇಕು. ಸಿಂಗಪುರ ಸುಮಾರು 3,200 ಕಿಲೋಮೀಟರ್, 32 ಮಿಲಿಸೆಕೆಂಡು. ಲಂಡನ್ 8,000, ಅಂದರೆ 80. ಕೇಬಲ್‌ಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾದ ಪಿಂಗ್ ಇದಕ್ಕಿಂತ ಸಾಕಷ್ಟು ಹೆಚ್ಚೇ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದ ತಳದ ಕೇಬಲ್‌ಗಳು ತುಂಡಾಗಿ, ಡೇಟಾ ಸುತ್ತುಬಳಸಿನ ದಾರಿ ಹಿಡಿದು, ಭಾರತದಲ್ಲೂ ಇಂಟರ್‌ನೆಟ್ ತಡವರಿಸಿತು. ಆ ವಾರ ಯಾರ ಮನೆಯ ಪ್ಲಾನೂ ಬದಲಾಗಿರಲಿಲ್ಲ, ಬದಲಾದದ್ದು ದಾರಿಯ ಉದ್ದ.

ಈಗ ಬೆರಗಿನ ಸಂಗತಿಗೆ ಬರೋಣ. ರಾಜಗೋಪಾಲನಗರದ ಒಂದೇ ಮನೆಯಲ್ಲಿ ಇಬ್ಬರು ಗೆಳೆಯರು ಅಕ್ಕಪಕ್ಕ ಕೂತು, ಒಬ್ಬ ಟ್ಯಾಂಕ್ ಆಗಿ ಏಟು ತಿನ್ನುತ್ತ, ಇನ್ನೊಬ್ಬ ಹೀಲರ್ ಆಗಿ ಅವನನ್ನು ಬದುಕಿಸುತ್ತ ಆಡುತ್ತಿದ್ದಾರೆ ಎನ್ನಿ. ಸರ್ವರ್ ಸಿಂಗಪುರದಲ್ಲಿದ್ದರೆ, ಮೊಣಕೈ ತಾಗುವಷ್ಟು ಹತ್ತಿರದಲ್ಲಿರುವ ಗೆಳೆಯನ 'ಹೀಲ್' ಸಮುದ್ರ ದಾಟಿ ಹೋಗಿ, ಸರ್ವರ್‌ನ ಒಪ್ಪಿಗೆ ಪಡೆದು, ಮತ್ತೆ ಸಮುದ್ರ ದಾಟಿ ಬಂದು ಇವನ ರಕ್ತದ ಪಟ್ಟಿಯನ್ನು ತುಂಬಬೇಕು. ಅಲ್ಲಿಯವರೆಗೆ ಪರದೆ ಸುಮ್ಮನಿರುವುದಿಲ್ಲ. ನೀವು ಕೀಲಿ ಒತ್ತಿದ ತಕ್ಷಣ ಸರ್ವರ್ ಒಪ್ಪೀತು ಎಂಬ ಭರವಸೆಯಲ್ಲಿ ನಿಮ್ಮ ಯೋಧನನ್ನು ನಡೆಸಿಬಿಡುತ್ತದೆ. ಒಪ್ಪದಿದ್ದರೆ ಹಿಂದಿನ ಜಾಗಕ್ಕೆ ಎಳೆದು ನಿಲ್ಲಿಸುತ್ತದೆ. ಆಟಗಾರರು ರಬ್ಬರ್‌ಬ್ಯಾಂಡಿಂಗ್ ಎಂದು ಬೈಯುವುದು ಇದನ್ನೇ. ಪಕ್ಕದ ಗೆಳೆಯನನ್ನೋ ಅದು ತುಸು ಹಿಂದೆ ಇದ್ದ ಜಾಗದಲ್ಲಿ ತೋರಿಸುತ್ತದೆ. ಹೀಗೆ ಪರದೆಯ ಮೇಲೆ ನೀವು ತುಸು ಭವಿಷ್ಯದಲ್ಲಿ, ಉಳಿದವರೆಲ್ಲ ತುಸು ಭೂತಕಾಲದಲ್ಲಿ. ಒಂದೇ ರಾಕ್ಷಸನ ಮೇಲೆ ಬಿದ್ದ ನಲವತ್ತು ಜನರಲ್ಲಿ ಯಾವ ಇಬ್ಬರೂ ಒಂದೇ ಕ್ಷಣವನ್ನು ನೋಡುತ್ತಿರುವುದಿಲ್ಲ. ಆದರೂ ಆಟ ಒಂದೇ ಎನಿಸುತ್ತದಲ್ಲ, ಈ ಯಂತ್ರದ ದೊಡ್ಡ ಸಾಧನೆ ಅದೇ.

ಹಾಗಾದರೆ ದೂರದವನಿಗೆ ಅನ್ಯಾಯವಾಗದೇ? ಗುಂಡು ಹಾರಿಸುವ ಗೇಮಿನಲ್ಲಿ ಆಗುತ್ತದೆ, ರೋಲ್‌ಪ್ಲೇ ಗೇಮಿನಲ್ಲಿ ಬಹಳ ಕಡಿಮೆ. 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ನೋಡಿ: ಅದರ ಇಡೀ ಜಗತ್ತು 0.6 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಆ ಅವಧಿಯಲ್ಲಿ ಬಂದ ಕ್ಲಿಕ್‌ಗಳನ್ನೆಲ್ಲ ಸರ್ವರ್ ಒಟ್ಟಿಗೆ ಲೆಕ್ಕ ಹಾಕುತ್ತದೆ, ಹಾಗಾಗಿ ಪಿಂಗ್ 30 ಇದ್ದವನೂ 150 ಇದ್ದವನೂ ಸಾಮಾನ್ಯವಾಗಿ ಒಂದೇ ಮಿಡಿತಕ್ಕೆ ಸಿಗುತ್ತಾರೆ. 'ಈವ್ ಆನ್‌ಲೈನ್' ಇನ್ನೂ ಮುಂದೆ ಹೋಗಿದೆ. ಸಾವಿರಾರು ಜನ ಒಂದೆಡೆ ಸೇರಿ ಸರ್ವರ್ ಏದುಸಿರು ಬಿಡತೊಡಗಿದರೆ ಅದು ಆಟದ ಕಾಲವನ್ನೇ ನಿಧಾನ ಮಾಡುತ್ತದೆ, ಹತ್ತರಲ್ಲಿ ಒಂದು ಪಾಲಿನವರೆಗೂ. 2014ರ ಜನವರಿ 27-28ರಂದು ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಅದರಲ್ಲಿ ಸುಮಾರು 21 ಗಂಟೆ ಕಾದಾಡಿದ್ದು ಹೀಗೆ ಹಿಗ್ಗಿದ ಕಾಲದಲ್ಲೇ. ಯಾರ ಮನೆಯ ಫೈಬರ್ ಪ್ಲಾನ್ ಎಷ್ಟಿದ್ದರೇನು, ಅಲ್ಲಿ ಎಲ್ಲರ ಗಡಿಯಾರವೂ ಒಂದೇ ನಿಧಾನಗತಿಗೆ ಇಳಿದಿತ್ತು.

ಪ್ಲಾನ್ ಏರಿಸಿದ ಮೇಲೆ ಲ್ಯಾಗ್ ನಿಜವಾಗಿಯೂ ಕಡಿಮೆಯಾಯಿತು ಎನ್ನುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ, ಕಾರಣ ಬೇರೆ. ಮನೆಯಲ್ಲಿ ಇಬ್ಬರು ವಿಡಿಯೊ ನೋಡುತ್ತ, ಒಂದು ಫೋನು ಫೋಟೊಗಳನ್ನು ಮೇಲೇರಿಸುತ್ತಿದ್ದರೆ ರೌಟರ್‌ನಲ್ಲಿ ಸರತಿ ಬೆಳೆಯುತ್ತದೆ, ಗೇಮಿನ ಪುಟ್ಟ ಸಂದೇಶ ಅದರ ಬಾಲದಲ್ಲಿ ನಿಲ್ಲುತ್ತದೆ. ಪ್ಲಾನ್ ಏರಿಸಿದಾಗ ಸರತಿ ಕರಗಿತು, ಅಷ್ಟೇ. ಆಡುವ ಹೊತ್ತಿಗೆ ಅಪ್‌ಲೋಡ್ ನಿಲ್ಲಿಸಿದರೂ ಅದೇ ಫಲ, ಅದೂ ಪುಕ್ಕಟೆ. ಇನ್ನೊಂದು ಸರತಿ ಗಾಳಿಯಲ್ಲಿದೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಗೋಡೆಗೆ ಗೋಡೆ ಅಂಟಿದ ಮನೆಗಳ ಬೀದಿಯಲ್ಲಿ ಹತ್ತಾರು ರೌಟರ್‌ಗಳು ಈ ಮೂರನ್ನೇ ಹಂಚಿಕೊಳ್ಳಬೇಕು, ಒಂದು ಮಾತಾಡುವಾಗ ಉಳಿದವು ಕಾಯಬೇಕು. ಪಿಂಗ್ ಒಮ್ಮೆ 40, ಮರುಕ್ಷಣ 300 ಆಗುವುದು ಬಹಳ ಸಲ ಇದರಿಂದ. ಪರದೆಯ ಊಹೆಗಳು ಕುಸಿಯುವುದೂ ಈ ಏರಿಳಿತಕ್ಕೇ. ಪಿಂಗ್ ಸ್ಥಿರವಾಗಿ 100 ಇದ್ದರೆ ಪರದೆ ಅದಕ್ಕೆ ಹೊಂದಿಕೊಂಡು ಹೋಗುತ್ತದೆ.

'ಗೇಮ್ ಬೂಸ್ಟರ್' ಆ್ಯಪ್‌ಗಳ ಜಾಹೀರಾತಿಗೆ ಮರುಳಾಗುವುದಂತೂ ಶುದ್ಧ ಮೌಢ್ಯ. ಫೋನಿನೊಳಗಿನ ಯಾವ ಆ್ಯಪೂ ಸಮುದ್ರದೊಳಗಿನ ಕೇಬಲನ್ನು ಗಿಡ್ಡ ಮಾಡಲಾರದು. ಇಂಟರ್‌ನೆಟ್ ಕಂಪನಿ ಸೊಟ್ಟ ದಾರಿಯಲ್ಲಿ ಡೇಟಾ ಕಳಿಸುತ್ತಿದ್ದರೆ ವಿಪಿಎನ್ ಕೆಲವೊಮ್ಮೆ ನೆಟ್ಟಗಿನ ದಾರಿ ಹಿಡಿಸೀತು. ಅದು ಅಪರೂಪ, ದುಡ್ಡು ಕಟ್ಟುವ ಮುನ್ನ ಅಳೆದು ನೋಡಿ.

ಹೊಸದಾಗಿ ಸೇರುವವರು ಪಾತ್ರ ಸೃಷ್ಟಿಸುವ ಮೊದಲೇ ತಮ್ಮ ಗುಂಪು ಯಾವ ಸರ್ವರ್‌ನಲ್ಲಿದೆ ಎಂದು ವಿಚಾರಿಸಿ. ಎಷ್ಟೋ ಗೇಮ್‌ಗಳಲ್ಲಿ ಆಮೇಲೆ ಸರ್ವರ್ ಬದಲಿಸಲು ಹಣ ಕಟ್ಟಬೇಕು. ಗುಂಪು ಇನ್ನೂ ಕಟ್ಟುತ್ತಿದ್ದರೆ ಎಲ್ಲರೂ ಪಿಂಗ್ ನೋಡಿ, ಹತ್ತಿರದ್ದನ್ನೇ ಆರಿಸಿ. ಪ್ಲಾನ್ ಏರಿಸಲು ಎತ್ತಿಟ್ಟ ದುಡ್ಡಿನಲ್ಲಿ ರೌಟರ್‌ನಿಂದ ಕಂಪ್ಯೂಟರಿಗೆ ಒಂದು ಎತರ್‌ನೆಟ್ ಕೇಬಲ್ ತಂದು ಸಿಕ್ಕಿಸಿ, ಗಾಳಿಯಲ್ಲಿನ ಸರತಿಯಾದರೂ ತಪ್ಪುತ್ತದೆ.